ಲಿಫ್ಟ್ ಜಗ್ಗುತ್ತಿದೆಯಾ? ಬ್ರೇಕ್ ಸೆಟ್ಟಿಂಗ್ ನೋಡಿಸಿ

ಮಾನ್ಯರೇ,

ಕೆಳಗೆ ಹೋಗಲು ಬಟನ್ ಒತ್ತಿದರೆ ಲಿಫ್ಟ್ ಮೊದಲು ಚೂರು ಮೇಲಕ್ಕೆ ಜಗ್ಗಿ ಆಮೇಲೆ ಇಳಿಯುತ್ತದೆ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇದೇ ಕಥೆ. "ಹಳೇ ಲಿಫ್ಟು, ಹಾಗೇ ಇರುತ್ತೆ" ಎಂದು ಸುಮ್ಮನಾಗುತ್ತಾರೆ. ಲಿಫ್ಟ್ ಸರ್ವಿಸ್ ಕೆಲಸದಲ್ಲೇ ಕೂದಲು ನರೆತ ನನಗೆ ಈ ಮಾತು ಕೇಳಿದರೆ ಬೇಜಾರಾಗುತ್ತದೆ. ಇದು ಸರಿಮಾಡಬಹುದಾದ ದೋಷ. ಹಳೇ ಮಶೀನುಗಳಲ್ಲಿ ಗೇರ್ ಒಂದಿಷ್ಟು ತಡೆಯುತ್ತಿತ್ತು. ಈಗಿನ ಗೇರ್‌ಲೆಸ್ ಮಶೀನುಗಳಲ್ಲೇ ಜಗ್ಗುವ ಸಾಧ್ಯತೆ ಜಾಸ್ತಿ.

ಕ್ಯಾಬಿನ್ ತೂಗುವ ರೋಪಿನ ಇನ್ನೊಂದು ಬದಿಗೆ ಕೌಂಟರ್‌ವೇಟ್, ಅಂದರೆ ಸರಿದೂಗಿಸುವ ಭಾರ, ಇರುತ್ತದೆ. ಕ್ಯಾಬಿನ್ನಿನ ತೂಕಕ್ಕೆ ಪೂರ್ತಿ ಲೋಡಿನ ಹೆಚ್ಚುಕಡಿಮೆ ಅರ್ಧ ಸೇರಿಸಿದರೆ ಅದರ ತೂಕ. 8 ಜನರ, 544 ಕೆ.ಜಿ. ಲಿಫ್ಟಿನಲ್ಲಿ ಒಬ್ಬರೇ ಇದ್ದರೆ ಕೌಂಟರ್‌ವೇಟೇ ಭಾರ. ಮೋಟಾರ್ ಹಿಡಿದುಕೊಳ್ಳುವ ಮೊದಲೇ ಬ್ರೇಕ್ ಬಿಟ್ಟರೆ ಆ ಭಾರ ಕೆಳಗೆ ಎಳೆಯುತ್ತದೆ, ನಾವು ಮೇಲೆ ಹೋಗುತ್ತೇವೆ. ಲಿಫ್ಟ್ ತುಂಬಿದ್ದರೆ ಉಲ್ಟಾ.

ಹಾಗಾಗಿ ಡ್ರೈವ್, ಅಂದರೆ ಮೋಟಾರನ್ನು ನಿಯಂತ್ರಿಸುವ ಸಾಧನ, ಮೊದಲು ಮೋಟಾರಿಗೆ ಕರೆಂಟ್ ಕೊಟ್ಟು ಲಿಫ್ಟನ್ನು ನಿಂತಲ್ಲೇ ಹಿಡಿಯಬೇಕು. ಆಮೇಲೆ ಬ್ರೇಕ್ ಬಿಡಬೇಕು. ಅದು ಪೂರ್ತಿ ಬಿಟ್ಟ ಮೇಲಷ್ಟೇ ಮೋಟಾರ್ ತಿರುಗಬೇಕು. ಬ್ರೇಕ್ ಬಿಡುವ ಮೊದಲೇ ತಿರುಗಲು ಹೊರಟರೂ ತೊಂದರೆಯೇ, ಬಿಟ್ಟ ಕೂಡಲೇ ಲಿಫ್ಟ್ ಎಗರುತ್ತದೆ. ಲೋಡ್ ಸೆನ್ಸರ್ ಇದ್ದರೆ ಒಳಗಿನ ತೂಕ ನೋಡಿ ಎಷ್ಟು ಬಲ ಬೇಕೋ ಅಷ್ಟನ್ನು ಮೊದಲೇ ಕೊಡುವಂತೆ ಸೆಟ್ ಮಾಡಬಹುದು. ಸೆನ್ಸರ್ ಇದ್ದರೂ ಓವರ್‌ಲೋಡ್ ಬಜರ್‌ಗಷ್ಟೇ ಬಳಸಿರುವುದನ್ನು ನಾನೇ ನೋಡಿದ್ದೇನೆ.

ಇನ್ನೊಂದು ಮುಖ್ಯ ಮಾತು. ಜಗ್ಗುವುದು ಕಮ್ಮಿ ಮಾಡಿ ಎಂದರೆ ಕೆಲವರು ಬ್ರೇಕ್ ಸ್ಪ್ರಿಂಗ್ ಸಡಿಲ ಮಾಡಿ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಕರೆಂಟ್ ಹೋದಾಗ ಬ್ರೇಕನ್ನು ಒತ್ತಿ ಹಿಡಿಯುವುದು ಆ ಸ್ಪ್ರಿಂಗೇ. ಅದು ಸಡಿಲವಾದರೆ ಬಾಗಿಲು ತೆರೆದು ಜನ ಹತ್ತುತ್ತಿರುವಾಗಲೇ ಕ್ಯಾಬಿನ್ ಜಾರಬಹುದು.

ಆರೋಗ್ಯವಾಗಿರುವವರಿಗೆ ಆ ಜಗ್ಗು ಏನೂ ಅಲ್ಲ ಅನಿಸಬಹುದು. ಸೊಂಟದ ಆಪರೇಷನ್ ಆಗಿ ಸ್ಟ್ರೆಚರ್ ಮೇಲೆ ಮಲಗಿರುವವರನ್ನು ಕೇಳಿ. ಕೋಲು ಹಿಡಿದು ನಿಂತ ಅಜ್ಜಿಯನ್ನು ಕೇಳಿ. ಅಪಾರ್ಟ್‌ಮೆಂಟ್ ಸಂಘದವರು, ಆಸ್ಪತ್ರೆಯವರು ಸರ್ವಿಸ್‌ನವರು ಬಂದಾಗ ಖಾಲಿ ಲಿಫ್ಟಿನಲ್ಲಿ ಒಮ್ಮೆ, ಜನ ತುಂಬಿಸಿ ಒಮ್ಮೆ ಅವರ ಜೊತೆಗೇ ಓಡಾಡಿ ನೋಡಿ. ಎರಡೂ ಸಲ ಸರಿ ಹೊರಟರೆ ಮಾತ್ರ ಸರ್ವಿಸ್ ರಿಪೋರ್ಟಿಗೆ ಸಹಿ ಹಾಕಿ. ರಾಜ್ಯದಲ್ಲಿ ಲಿಫ್ಟುಗಳಿಗೆಂದೇ 2012ರ ಕಾಯ್ದೆ ಇದೆ. ವಿದ್ಯುತ್ ಪರಿವೀಕ್ಷಣಾಲಯದವರು ತಪಾಸಣೆಗೆ ಬಂದಾಗ ಇದನ್ನೂ ನೋಡಿ ವರದಿಯಲ್ಲಿ ಬರೆಯಲಿ ಎಂದು ಕೋರುತ್ತೇನೆ.

- ನಿವೃತ್ತ ಲಿಫ್ಟ್ ಮೆಕ್ಯಾನಿಕ್, ರಾಜಾಜಿನಗರ, ಬೆಂಗಳೂರು