ಮಗಳಿಗೊಂದು ಪತ್ರ: ಆ ಕಾಗೆಗೆ ನಿನ್ನ ಗುರುತಿದೆ

ಪ್ರೀತಿಯ ಮಗಳೇ,

ಮೂರು ದಿನಗಳಿಂದ ಒಂದು ಕಾಗೆ ನಿನ್ನ ತಲೆಗೇ ಎರಗುತ್ತಿದೆ, ಜೊತೆಯಲ್ಲಿ ಬರುವ ಗೆಳತಿಯರ ತಂಟೆಗೆ ಮಾತ್ರ ಹೋಗುವುದಿಲ್ಲ ಎಂದು ನಿನ್ನೆ ಫೋನಿನಲ್ಲಿ ಅಳುದನಿಯಲ್ಲಿ ಹೇಳಿದೆ. ಅದು ನಿನ್ನ ಭ್ರಮೆಯಲ್ಲ. ಮರದ ಬುಡದಲ್ಲಿ ಕುಪ್ಪಳಿಸುತ್ತಿದ್ದ ಮರಿಯನ್ನು ಎತ್ತಿ ಗೋಡೆಯ ಮೇಲೆ ಇಟ್ಟೆ ಎಂದೆಯಲ್ಲ, ಅದನ್ನು ಕಂಡ ತಾಯಿಯೋ ತಂದೆಯೋ ನಿನ್ನ ಮುಖವನ್ನು ನೆನಪಿಟ್ಟುಕೊಂಡಿರಬೇಕು.

2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್‌ಲಫ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಗುಹಾಮಾನವನ ಮುಖವಾಡ ತೊಟ್ಟು ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಟ್ಟರು. ಆಮೇಲೆ ಆ ಮುಖವಾಡ ತೊಟ್ಟು ಯಾರೇ ನಡೆದು ಹೋಗಲಿ, ಕಾಗೆಗಳು ಬೆನ್ನುಹತ್ತಿ ಕೂಗಿ ಗದರಿಸುತ್ತಿದ್ದವು. ಬೇರೆ ಮುಖವಾಡದವರನ್ನು ಹೀಗೆ ಕಾಡುತ್ತಿರಲಿಲ್ಲ. ವರ್ಷಗಳು ಕಳೆದರೂ ಆ ಸಿಟ್ಟು ಆರಲಿಲ್ಲ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಎಂದೂ ಸೆರೆಸಿಕ್ಕದ ಕಾಗೆಗಳೂ, ಆಮೇಲೆ ಹುಟ್ಟಿದ ಮರಿಗಳೂ ಹಿರಿಯರನ್ನು ನೋಡಿಯೇ ಆ ಮುಖ ಅಪಾಯದ್ದೆಂದು ಕಲಿತುಕೊಂಡವು. ತನಗಾದ ಅನುಭವವನ್ನು ಮಕ್ಕಳಿಗೆ ದಾಟಿಸಬಲ್ಲ ಜೀವವನ್ನು ಬರಿಯ ಹಕ್ಕಿಯೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಗೆಗಳು ಕಡ್ಡಿಯ ತುದಿಯನ್ನು ಕೊಕ್ಕೆಯಂತೆ ಮಾಡಿಕೊಂಡು ಪೊಟರೆಯೊಳಗಿನ ಹುಳುಗಳನ್ನು ಎಳೆಯುತ್ತವೆ. ಆ ಜಾತಿಯ ಬೆಟ್ಟಿ ಎಂಬ ಹೆಣ್ಣುಕಾಗೆ ಆಕ್ಸ್‌ಫರ್ಡ್‌ನ ಪ್ರಯೋಗವೊಂದರಲ್ಲಿ ನೇರವಾದ ತಂತಿಯನ್ನು ತಾನೇ ಬಗ್ಗಿಸಿ, ಕೊಳವೆಯ ತಳದಲ್ಲಿದ್ದ ಆಹಾರದ ಪುಟ್ಟ ಬಕೆಟ್ಟನ್ನು ಮೇಲಕ್ಕೆತ್ತಿದ್ದು 2002ರಲ್ಲಿ ಪ್ರಕಟವಾಯಿತು. ಆದರೆ ನಾನು ಕಾಗೆಯನ್ನು ಮೆಚ್ಚಿಕೊಳ್ಳಲು ಅಷ್ಟು ದೂರ ಹೋಗಬೇಕಾಗಲಿಲ್ಲ. ಮೊನ್ನೆ ಒಂದು ಕಾಗೆ ಒಣಗಿ ಗಟ್ಟಿಯಾದ ಬ್ರೆಡ್ಡಿನ ಚೂರನ್ನು ತಂದು ನೀರಿನ ತೊಟ್ಟಿಯಲ್ಲಿ ಅದ್ದಿತು. ಕುಕ್ಕಿ ನೋಡಿ, ಇನ್ನೂ ಮೆತ್ತಗಾಗಿಲ್ಲವೆಂದು ಮತ್ತೆ ಅದ್ದಿ, ತಲೆಯನ್ನು ಓರೆ ಮಾಡಿ ಕಾಯುತ್ತಾ ನಿಂತಿತು. ಅದು ತಿಂದು ಮುಗಿಸುವವರೆಗೂ ನಾನು ಕಿಟಕಿಯಿಂದ ಕದಲಲಿಲ್ಲ.

ಕಾಗೆಮರಿಗಳು ಚೆನ್ನಾಗಿ ಹಾರಲು ಬರುವ ಮೊದಲೇ ಗೂಡಿನಿಂದ ಇಳಿಯುವುದುಂಟು; ನೆಲದಲ್ಲಿದ್ದರೂ ಹೆತ್ತವರು ಹತ್ತಿರದಲ್ಲೇ ಇದ್ದು ಉಣಿಸುತ್ತಾರೆ. ನೀನು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಎತ್ತಿದೆ, ಆದರೆ ಅವುಗಳ ಕಣ್ಣಿಗೆ ನೀನು ಮರಿಯನ್ನು ಹಿಡಿದವಳು. ಕೆಲವು ದಿನ ಕೊಡೆ ಹಿಡಿದು ನಡೆ, ಸಾಧ್ಯವಾದರೆ ಆ ಮರದಿಂದ ದೂರದ ದಾರಿಯಲ್ಲಿ ಹೋಗು. ಕಲ್ಲನ್ನು ಮಾತ್ರ ಎತ್ತಬೇಡ, ಮಗಳೇ. ನೀನು ಹೊರಗೆ ಹೋದಾಗಲೆಲ್ಲ ನನಗಾಗುವ ಆತಂಕವೇ ಆ ಕಾಗೆಗೂ ಆಗುತ್ತಿದೆ.

ಮರಿ ಕೊಂಬೆಯಿಂದ ಕೊಂಬೆಗೆ ಹಾರಿದ್ದು ಕಂಡ ದಿನ ನನಗೆ ತಪ್ಪದೆ ತಿಳಿಸು.

ಇಂತಿ,
ನಿನ್ನ ಅಮ್ಮ