ಮಗಳಿಗೊಂದು ಪತ್ರ: ಸಹಿಗೆ ಮೊದಲು ಒಂದೆರಡು ಮಾತು

ಎಡಿಸನ್, ನ್ಯೂಜೆರ್ಸಿ

ಪ್ರೀತಿಯ ಪುಟ್ಟಿ,

ಸ್ಮಿತ್ ಕಾಲೇಜಿಗೆ ನೀನು ಹಾಕುವ ಅರ್ಲಿ ಡಿಸಿಷನ್ ಅರ್ಜಿಗೆ ನನ್ನ ಸಹಿ ಕೇಳಿ ಬಂದ ಇಮೇಲ್ ಇನ್ನೂ ಹಾಗೆಯೇ ಇದೆ. ಅರ್ಲಿ ಡಿಸಿಷನ್ ಎಂದರೆ ಸೀಟು ಸಿಕ್ಕಿದ ಮೇಲೆ ಬೇರೆ ಕಾಲೇಜುಗಳ ಅರ್ಜಿಯನ್ನೆಲ್ಲ ಹಿಂತೆಗೆದುಕೊಂಡು ಅಲ್ಲಿಗೇ ಹೋಗಬೇಕು. ಅದಕ್ಕೇ ನಿನ್ನ ಸಹಿ, ಕೌನ್ಸೆಲರ್ ಸಹಿ ಸಾಲದೆಂದು ಹೆತ್ತವರ ಸಹಿಯನ್ನೂ ಕೇಳುತ್ತಾರೆ. ರಾತ್ರಿ ಊಟಕ್ಕೆ ಕುಳಿತಾಗ ನಾನು "ಇನ್ನೂ ಸ್ವಲ್ಪ ಯೋಚಿಸೋಣ" ಎಂದೆ. ನೀನು ತಟ್ಟೆ ಬಿಟ್ಟು ಎದ್ದೆ. "ಚಿಕ್ಕ ಕಾಲೇಜು ಅಂತ ನಿನಗೆ ನಾಚಿಕೆ" ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ನನಗೆ ನಾಚಿಕೆಯಿಲ್ಲ ಕಂದಾ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಕೋಚ್ ನಿನ್ನನ್ನು ಆರಿಸಿಕೊಂಡರೆಂದು ಗೊತ್ತಾದ ದಿನ ನಾನು ದಾವಣಗೆರೆಗೆ ಫೋನ್ ಮಾಡಿ ಅಜ್ಜನಿಗೆ ಹೇಳುವಾಗ ಗಂಟಲು ಕಟ್ಟಿತ್ತು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು ಸೋಲಿಸಿದ್ದನ್ನು ಅಜ್ಜನ ಪಕ್ಕದಲ್ಲಿ ಕುಳಿತು ನೋಡಿದೆಯಲ್ಲ, ಅದನ್ನು ಮತ್ತೆ ಹೇಳುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಬಂಧುಬಳಗದವರು ಕೇಳುವುದು ಒಂದೇ: "ಸ್ಕಾಲರ್‌ಶಿಪ್ ಎಷ್ಟು?" ಆಟಕ್ಕೆಂದು ಒಂದು ಡಾಲರೂ ಇಲ್ಲ ಎಂದಾಗ ಮುಖ ಸಣ್ಣದಾಗುತ್ತದೆ. ಸ್ಮಿತ್ ಇರುವುದು ಅಮೆರಿಕದ ಕಾಲೇಜು ಕ್ರೀಡೆಯ ಮೂರನೆಯ ವಿಭಾಗವಾದ ಡಿವಿಷನ್ ಮೂರರಲ್ಲಿ, ಅದರ ನಿಯಮವೇ ಅದು. ನಾನೂರಕ್ಕೂ ಹೆಚ್ಚು ಕಾಲೇಜುಗಳಿವೆ, ಯಾವುದೂ ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಸ್ಮಿತ್ ಕಾಲೇಜಿನ ತಂಡ 2024ರಲ್ಲಿ ರಾಷ್ಟ್ರಮಟ್ಟದ ಫೈನಲ್‌ವರೆಗೆ ಹೋಗಿತ್ತು ಎಂದು ನಿನ್ನ ಅಪ್ಪ ಎಲ್ಲರಿಗೂ ವಿವರಿಸುತ್ತಾರೆ. ನಾನು ವಿವರಿಸಲು ಹೋಗುವುದಿಲ್ಲ. ನನ್ನನ್ನು ತಡೆದದ್ದು ಅದಲ್ಲ.

ನನ್ನನ್ನು ತಡೆದದ್ದು ಆ ಬೇಸಿಗೆಯ ಟೂರ್ನಿ. ನಿನ್ನ ತಂಡದ ಆ ಎತ್ತರದ ಹುಡುಗಿ ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯಲು, ರಿಬೌಂಡ್‌ಗೆ, ಹಾರಿ ಇಳಿದಳು. ಯಾರೋ ತಳ್ಳಿದ್ದರು, ಸೀಟಿಯೂ ಊದಿತ್ತು. ಆದರೆ ಅವಳ ಬಲ ಮೊಣಕಾಲು ಒಳಕ್ಕೆ ಬಾಗಿದ್ದು ನನಗೆ ಸೀಟಿಗಿಂತ ಮೊದಲೇ ಕಂಡಿತು. ಒಣ ಕಡ್ಡಿ ಮುರಿದಂಥ ಸದ್ದು ಎರಡನೆಯ ಸಾಲಿನವರೆಗೆ ಕೇಳಿಸಿತು. ಅವಳು ಕೂಗಲಿಲ್ಲ. ಬಿದ್ದಲ್ಲಿಂದಲೇ ತಲೆಯೆತ್ತಿ, ಆಟಗಾರ್ತಿಯರನ್ನು ಆರಿಸಲು ಬಂದು ಗೋಡೆಯ ಪಕ್ಕದ ಮಡಚುವ ಕುರ್ಚಿಗಳಲ್ಲಿ ಕುಳಿತಿದ್ದ ಕಾಲೇಜು ಕೋಚ್‌ಗಳ ಕಡೆ ನೋಡಿದಳು. ಅವಳ ತಾಯಿ ಮೆಟ್ಟಿಲಿಳಿದು ಓಡುತ್ತಿದ್ದರು, ಮಗಳು ನೋಡಿದ್ದು ಮಾತ್ರ ಆ ಕುರ್ಚಿಗಳನ್ನು. ತಳ್ಳಿದ ತಪ್ಪಿಗೆ ಸಿಕ್ಕ ಎರಡು ಫ್ರೀ ಥ್ರೋಗಳನ್ನು ಗಾಯಗೊಂಡವಳ ಬದಲು ಬಂದವಳು ಎಸೆಯಬೇಕಾದ್ದರಿಂದ ನಿನ್ನನ್ನು ಕಳಿಸಿದರು. ನೀನು ಬಗ್ಗಿ ಲೇಸು ಬಿಗಿದು ಕಟ್ಟಿದೆ, ಚೆಂಡನ್ನು ನೆಲಕ್ಕೆ ತಟ್ಟಿದೆ, ಎರಡನ್ನೂ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ.

ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿತ್ತು. ಅವಳಿಗೆ ದೊಡ್ಡ ವಿಶ್ವವಿದ್ಯಾಲಯವೊಂದು ಬಾಯಿಮಾತಿನಲ್ಲಿ ಜಾಗ ಕೊಟ್ಟಿತ್ತು. ಬಾಯಿಮಾತಿಗೆ ಯಾರೂ ಕಟ್ಟುಬಿದ್ದಿರುವುದಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಕರೆ ತಿಂಗಳಿಗೊಮ್ಮೆಯಾಯಿತು, ಆಮೇಲೆ ನಿಂತಿತು. ಅವಳ ತಾಯಿ ಅಂಗಡಿಯಲ್ಲಿ ಸಿಕ್ಕಾಗ "ಅವಳಿಗೆ ಮೊಣಕಾಲಿನದು ಚಿಂತೆಯಿಲ್ಲ, ಫೋನಿನದೇ ಚಿಂತೆ" ಎಂದರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಅದನ್ನು ಓದಿದ ಮೇಲೆ ನಿನ್ನ ಪಂದ್ಯಗಳಲ್ಲಿ ಸ್ಕೋರು ನೋಡುವುದು ಬಿಟ್ಟಿದ್ದೇನೆ. ನೀನು ಹಾರಿದಾಗ ನಿನ್ನ ಎರಡು ಪಾದಗಳನ್ನಷ್ಟೇ ನೋಡುತ್ತೇನೆ. ಒಂದೇ ಕಾಲಿನ ಮೇಲೆ ಇಳಿದರೆ ಉಸಿರು ಹಿಡಿಯುತ್ತೇನೆ. ನೀನು ಗೆದ್ದು ಬಂದು ಕಾರಿನಲ್ಲಿ ಕುಳಿತು ಆಟದ ಬಗ್ಗೆ ಕೇಳಿದಾಗ ನನಗೆ ಹೇಳಲು ಏನೂ ಇರುತ್ತಿರಲಿಲ್ಲ. ಅದಕ್ಕೆ ಕಾರಣ ಇದು, ಉದಾಸೀನವಲ್ಲ.

ಕಾಲೇಜು ನೋಡಲು ಹೋದಾಗ ಕೇಳಿದ ಕಥೆ ನನ್ನ ತಲೆಯಿಂದ ಹೋಗಿಲ್ಲ. 1891ರಲ್ಲಿ ಅಲ್ಲೇ ಹತ್ತಿರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೈಸ್ಮಿತ್ ಈ ಆಟ ಹುಟ್ಟುಹಾಕಿದರು. ಸ್ಮಿತ್‌ನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ಹುಡುಗಿಯರಿಗೆ ಕಲಿಸಿದರು. 1893ರಲ್ಲಿ ಮೊದಲ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯ ನಡೆಯಿತು. ಹುಡುಗಿಯರು ದಣಿಯಬಾರದೆಂದು ಅವರ ನಿಯಮದಲ್ಲಿ ಅಂಕಣವನ್ನು ಮೂರು ಭಾಗ ಮಾಡಿದ್ದರಂತೆ, ತನ್ನ ಗೆರೆ ದಾಟಿ ಯಾರೂ ಹೋಗುವಂತಿಲ್ಲ. ನೀನು ಕೇಳಿ ನಕ್ಕೆ. ನಾನಾಗಿದ್ದರೂ ಅದೇ ಗೆರೆ ಎಳೆಯುತ್ತಿದ್ದೆ ಪುಟ್ಟಿ.

ಆದರೆ ನೀನು ಹೋದ ಮೇಲೆ ಕುಳಿತು ಯೋಚಿಸಿದೆ. ಅಲ್ಲಿ ಸಿಗುವ ನೆರವು ನಮ್ಮ ಮನೆಯ ಆದಾಯ ನೋಡಿ ಕೊಡುವುದು. ನಿನ್ನ ಮೊಣಕಾಲಿಗೂ ಅದಕ್ಕೂ ಸಂಬಂಧವಿಲ್ಲ. ನೀನು ಬೆಂಚಿನಲ್ಲೇ ಕುಳಿತರೂ, ಎರಡನೆಯ ವರ್ಷಕ್ಕೆ ಆಟ ಸಾಕೆಂದರೂ, ದೇವರು ಹಾಗೆ ಮಾಡದಿರಲಿ, ಪೆಟ್ಟಾಗಿ ಮನೆಯಲ್ಲಿ ಕುಳಿತರೂ, ಸೀಟು ನಿನ್ನದೇ, ನೆರವೂ ನಿನ್ನದೇ. ಅಮೆರಿಕದ ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಮೊದಲು ತಂದದ್ದೂ ಅದೇ ಕಾಲೇಜು. ಬಂಧುಗಳು ಕೊರತೆ ಎನ್ನುವುದರಲ್ಲೇ ನನಗೆ ಧೈರ್ಯ ಸಿಕ್ಕಿತು.

ಬೋಧನೆ ಮಾಡಬಾರದು ಎಂದುಕೊಂಡೇ ಕುಳಿತೆ, ಆದರೂ ಹೇಳುತ್ತೇನೆ. ಎರಡೂ ಕಾಲಿನ ಮೇಲೆ, ಮಂಡಿ ಸ್ವಲ್ಪ ಬಗ್ಗಿಸಿ ಇಳಿಯುವ ಆ ವ್ಯಾಯಾಮವನ್ನು ಬೇಸರವೆಂದು ಬಿಡಬೇಡ. ಲ್ಯಾಬ್ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಅಭ್ಯಾಸಕ್ಕೆ ಓಡಬೇಡ. ನಿದ್ದೆಗೆಡಬೇಡ. ಮೊದಲ ವರ್ಷ ಆಡಲು ಅವಕಾಶ ಸಿಗದಿದ್ದರೆ ಕೋಚ್ ಹತ್ತಿರ ನೀನೇ ಹೋಗಿ ಕೇಳು, ನಮ್ಮಿಂದ ಕೇಳಿಸಬೇಡ. ನೋವನ್ನು ಮಾತ್ರ ಮುಚ್ಚಿಡಬೇಡ. ಹೋದ ಚಳಿಗಾಲ ಪಾದ ಊದಿಕೊಂಡದ್ದನ್ನು ಎರಡು ಸಾಕ್ಸ್ ಹಾಕಿ ಮರೆಮಾಡಿದ್ದೆ, ನನಗೆ ಗೊತ್ತಿದೆ.

ಯೋಚಿಸೋಣ ಎಂದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ, ಅದು ತಾಯಿಯ ಕೆಲಸ. ನಿನ್ನ ಸಂತೋಷದ ರಾತ್ರಿ ಹಾಳಾಯಿತಲ್ಲ, ಅದಕ್ಕೆ ಕ್ಷಮಿಸು.

ಇದನ್ನು ಬರೆದು ಮುಗಿಸಿದ ಕೂಡಲೇ ಸಹಿ ಹಾಕುತ್ತೇನೆ. ನೆರವಿನ ಅರ್ಜಿಗೆ ಅಪ್ಪನ ತೆರಿಗೆ ಕಾಗದ ಬೇಕಂತೆ, ನೀನೇ ಬೆನ್ನುಹತ್ತಿ ಕೇಳು, ಅವರು ನಾಳೆ ನಾಳೆ ಎನ್ನುತ್ತಾರೆ. ಮುಂದಿನ ವರ್ಷ ಪಂದ್ಯಗಳ ವೇಳಾಪಟ್ಟಿ ಬಂದ ತಕ್ಷಣ ನನಗೆ ಕಳಿಸು. ಕೆಲಸದಲ್ಲಿ ಶುಕ್ರವಾರದ ರಜೆ ಬೇಕೆಂದರೆ ಬಹಳ ಮುಂಚೆಯೇ ಬರೆದುಕೊಡಬೇಕು.

ನಿನ್ನ,
ಅಮ್ಮ