ಕಾರ್ನೆ ಪಟ್ಟಿ ತಿದ್ದಿಕೊಟ್ಟವರಿಗೆ

ಹೆಸರಾಂತ ಬ್ಯಾಂಡಿನ ಜೊತೆ ನಮ್ಮೂರ ಗಿಟಾರ್ ವಾದಕ ವಿದೇಶ ಪ್ರವಾಸಕ್ಕೆ ಹೊರಡುವ ಮುನ್ನ ಸಾಮಾನಿನ ಪಟ್ಟಿ ತಿದ್ದಿಕೊಟ್ಟವರೇ, ನಿಮ್ಮ ಹೆಸರು ತಿಳಿಯದು. ಧನ್ಯವಾದ ಇಲ್ಲೇ ಹೇಳುತ್ತೇವೆ.

ಆ ಪಟ್ಟಿ ಎಟಿಎ ಕಾರ್ನೆಯದು: ಸಾಮಾನನ್ನು ಸುಂಕ ಕಟ್ಟದೆ ಸ್ವಲ್ಪ ಕಾಲಕ್ಕೆ ಹೊರದೇಶಕ್ಕೆ ಒಯ್ದು ವಾಪಸ್ ತರಲು ಬಳಸುವ ಕಸ್ಟಮ್ಸ್ ಪತ್ರ, ವಾದ್ಯಗಳ ಪಾಸ್‌ಪೋರ್ಟ್ ಇದ್ದಹಾಗೆ. ಗಿಟಾರ್, ಅದರ ಸದ್ದು ಹೆಚ್ಚಿಸುವ ಆಂಪ್, ಕಾಲಲ್ಲಿ ಒತ್ತಿ ನಾದ ಬದಲಿಸುವ ಪೆಡಲ್ ಪ್ರತಿಯೊಂದಕ್ಕೂ ಸೀರಿಯಲ್ ನಂಬರ್, ತೂಕ, ಬೆಲೆ, ತಯಾರಾದ ದೇಶ ಬರೆಸಿದಿರಿ. ತಂತಿ, ಬ್ಯಾಟರಿಯಂಥ ಖರ್ಚಾಗಿ ಮುಗಿಯುವ ಸಾಮಾನನ್ನು ತೆಗೆಸಿದಿರಿ. ಪಟ್ಟಿಯಲ್ಲಿದ್ದದ್ದು ವಾಪಸ್ ಬಾರದಿದ್ದರೆ ಸುಂಕ ಬೀಳುತ್ತದೆ. ಕಾರ್ನೆ ಕೈಗೆ ಬಂದಮೇಲೆ ಹೊಸದನ್ನು ಸೇರಿಸುವಂತಿಲ್ಲ, ಹಾಗಾಗಿ ಬದಲಿ ಗಿಟಾರನ್ನೂ ಮೊದಲೇ ಸೇರಿಸಿದ್ದು ಜಾಣತನ. ಪ್ರತಿ ದೇಶದಲ್ಲೂ ಒಳಹೋಗುವಾಗ ಒಂದು ಮುದ್ರೆ, ಹೊರಬರುವಾಗ ಇನ್ನೊಂದು. ವಿಮಾನದ ಅವಸರದಲ್ಲಿ ತಪ್ಪಿಹೋಗುವುದು ಎರಡನೆಯದೇ. ಆಗ ಸಾಮಾನು ಅಲ್ಲೇ ಮಾರಾಟವಾಯಿತೆಂದು ಕಸ್ಟಮ್ಸ್ ಲೆಕ್ಕ ಹಾಕಬಹುದು.

120 ವೋಲ್ಟಿನ ಆಂಪನ್ನು 230 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಫ್ಯೂಸ್ ಮಾತ್ರ ಹೋದರೆ ಪುಣ್ಯ, ಇಲ್ಲದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಅಗ್ಗದ ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು, ವೋಲ್ಟೇಜನ್ನಲ್ಲ. 300 ವ್ಯಾಟ್ ಎಳೆಯುವ ಆಂಪಿಗೆ 500 ವ್ಯಾಟಿನ ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್) ಇಡಿ ಎಂದಿರಿ, ಇಟ್ಟಿದ್ದೇವೆ.

ಕೇಸಿನೊಳಗೆ ಗಿಟಾರಿನ ತಲೆಯ (ತಂತಿ ಬಿಗಿಸುವ ತುದಿಯ) ಕೆಳಗೂ ಮೇಲೂ ಬಟ್ಟೆ ಒತ್ತಿ ತುಂಬಿಸಿದ್ದು, ತಂತಿಗಳನ್ನು ಸ್ವಲ್ಪ ಸಡಿಲಿಸಿದ್ದು ನೀವೇ. ಕೇಸ್ ಹಿಮ್ಮುಖವಾಗಿ ಬಿದ್ದರೆ ಮುರಿಯುವುದು ಆ ತಲೆಯ ಬುಡವೇ. ಕೊನೆಗೆ ಕೇಸಿನ ಮೇಲೆ ಅಂಟಿಸಿದ ಆ ಚೀಟಿ: ಚಳಿಯಿಂದ ಬಂದ ಕೇಸನ್ನು ಬೆಚ್ಚಗಿನ ಕೋಣೆಯಲ್ಲಿ ಕೂಡಲೇ ತೆರೆಯಬೇಡಿ, ಮೆರುಗು ಬಿರುಕುಬಿಡಬಹುದು, ಕೆಲವು ಗಂಟೆ ಬಿಡಿ. ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್‌ಚೆಕ್‌ನ (ಸದ್ದಿನ ಪರೀಕ್ಷೆಯ) ಹೊತ್ತನ್ನು ನಮ್ಮ ವಾದಕರು ಅದಕ್ಕೆ ತಕ್ಕಂತೆ ಕೇಳಿಕೊಂಡಿದ್ದಾರೆ.